ಒಲೆಯ ಸುತ್ತ ಒಂದು ರಾತ್ರಿ: ವಿಯೆಟ್ನಾಮಿನ ತೆತ್ ಹಬ್ಬವನ್ನು ಮನೆಮಂದಿಯೆಲ್ಲ ಸೇರಿ ಆಚರಿಸಲು ಸಮಗ್ರ ಮಾರ್ಗದರ್ಶಿ

ಹನೋಯ್‌ಗೆ ಬಂದ ಮೊದಲ ವರ್ಷ ನಾವು ಇಲ್ಲಿನ ಹೊಸ ವರ್ಷದ ಹಬ್ಬವಾದ ತೆತ್‌ಗೆ ಕಾದು ಕೂತೂ ಅದನ್ನು ಕಳೆದುಕೊಂಡೆವು. ಕ್ಯಾಲೆಂಡರಿನಲ್ಲಿ ಕೆಂಪು ಗುರುತಿದ್ದ ಬೆಳಿಗ್ಗೆ ಮಗನಿಗೆ ಹೊಸ ಅಂಗಿ ತೊಡಿಸಿ ಬೀದಿಗಿಳಿದರೆ ಅಂಗಡಿಗಳೆಲ್ಲ ಮುಚ್ಚಿದ್ದವು. ದಿನವೂ ಬೈಕುಗಳಿಂದ ಗಿಜಿಗುಡುವ ರಸ್ತೆ ಖಾಲಿ ಬಿದ್ದಿತ್ತು. ಹಬ್ಬ ಎಲ್ಲಿದೆ ಎಂದು ಹುಡುಕುತ್ತ ಎರಡು ಗಂಟೆ ಅಲೆದು ಮನೆಗೆ ಮರಳಿದೆವು. ಹಬ್ಬ ಆ ಮುಚ್ಚಿದ ಬಾಗಿಲುಗಳ ಒಳಗಿತ್ತು. ಅದರ ಅರ್ಧಕ್ಕೂ ಹೆಚ್ಚು ಭಾಗ ಆಗಲೇ ಮುಗಿದೂ ಹೋಗಿತ್ತು.

ಮರುವರ್ಷ ಕೆಳಮನೆಯ ಅಜ್ಜಿ ನಮ್ಮನ್ನು ಕರೆದು, ಅಂಗಳದ ನಲ್ಲಿಯ ಮುಂದೆ ಕೂರಿಸಿ, ಒಂದು ಹೊರೆ ಎಲೆ ತೊಳೆಯಲು ಕೊಟ್ಟರು. ತೆತ್ ಎಂದರೇನೆಂದು ನಮಗೆ ತಿಳಿಯತೊಡಗಿದ್ದು ಆ ಹೊರೆಯಿಂದ. ಈ ಹಬ್ಬ ಮನೆಯವರನ್ನು ಒಟ್ಟುಗೂಡಿಸುವುದು ಹಬ್ಬದ ದಿನದ ಊಟದ ಮುಂದೆ ಅಲ್ಲ, ಅದರ ಹಿಂದಿನ ವಾರದ ಕೆಲಸದಲ್ಲಿ. ಆದ್ದರಿಂದ ಈ ಮಾರ್ಗದರ್ಶಿಯ ಬಹುಭಾಗ ಆ ವಾರದ ಬಗ್ಗೆಯೇ ಇದೆ. ವಿಯೆಟ್ನಾಮಿನಲ್ಲಿ ನೆಲೆಸಿರುವ ಕನ್ನಡದ ಮನೆಗಳಿಗೂ, ಹಬ್ಬದ ಹೊತ್ತಿಗೆ ಮಕ್ಕಳು ಹಿರಿಯರೊಂದಿಗೆ ಇಲ್ಲಿಗೆ ಬರಬೇಕೆಂದಿರುವವರಿಗೂ ಬರೆಯುತ್ತಿದ್ದೇನೆ.

ಮೊದಲು ದಿನ ಗೊತ್ತುಮಾಡಿಕೊಳ್ಳಿ

ಪೂರ್ತಿ ಹೆಸರು ತೆತ್ ನ್ಗುಯೆನ್ ದಾನ್. ಪತ್ರಿಕೆಗಳಲ್ಲಿ ‘ಟೆಟ್’ ಎಂದು ಕಂಡಿರಬಹುದು, ಹೇಳುವಾಗ ಮಾತ್ರ ನಮ್ಮ ‘ತ’ವೇ ಸರಿ. ಚಾಂದ್ರಮಾನ ವರ್ಷದ ಮೊದಲ ದಿನವಿದು. ಜನವರಿ 21ರಿಂದ ಫೆಬ್ರವರಿ 20ರ ನಡುವೆ ಬರುವ ಅಮಾವಾಸ್ಯೆಯಂದೇ ಹೊಸ ತಿಂಗಳು ಹುಟ್ಟಿತೆಂದು ಲೆಕ್ಕ. ನಮ್ಮ ಪಂಚಾಂಗದಲ್ಲಿ ನೋಡುವುದಾದರೆ ಒಂದು ವರ್ಷ ಪುಷ್ಯ ಅಮಾವಾಸ್ಯೆ, ಇನ್ನೊಂದು ವರ್ಷ ಮಾಘ ಅಮಾವಾಸ್ಯೆ. 2026ರಲ್ಲಿ ಫೆಬ್ರವರಿ 17ಕ್ಕೆ ಬಂದಿದ್ದು, 2027ರಲ್ಲಿ ಫೆಬ್ರವರಿ 6ರ ಶನಿವಾರಕ್ಕೆ ಬರುತ್ತದೆ.

ಚೀನಾದ ಹೊಸ ವರ್ಷವೂ ಇದೂ ಸಾಮಾನ್ಯವಾಗಿ ಒಂದೇ ದಿನ. ಆದರೆ ಎರಡು ದೇಶಗಳ ಗಡಿಯಾರದಲ್ಲಿ ಒಂದು ಗಂಟೆಯ ಅಂತರವಿರುವುದರಿಂದ ಅಮಾವಾಸ್ಯೆ ನಡುರಾತ್ರಿಯ ಹತ್ತಿರ ಬಿದ್ದಾಗ ದಿನ ಬೇರೆಯಾಗುತ್ತದೆ. 2007ರಲ್ಲಿ ವಿಯೆಟ್ನಾಮ್ ಒಂದು ದಿನ ಮೊದಲೇ ಹಬ್ಬ ಮಾಡಿತು, 1985ರಲ್ಲಂತೂ ಒಂದು ತಿಂಗಳೇ ಮೊದಲು. ಇಲ್ಲಿನವರ ಮುಂದೆ ‘ಚೈನೀಸ್ ನ್ಯೂ ಇಯರ್’ ಎನ್ನಬೇಡಿ. ಇದು ಅವರದೇ ಹಬ್ಬ.

ಲೆಕ್ಕ ಹಾಕಬೇಕಾದ್ದು ಹಬ್ಬದ ದಿನದಿಂದ ಅಲ್ಲ, ಹಳೆಯ ವರ್ಷದ ಕೊನೆಯ ತಿಂಗಳಾದ ‘ಚಾಪ್’ನ 23ನೆಯ ದಿನದಿಂದ. 2027ರಲ್ಲಿ ಅದು ಜನವರಿ 30. ಅಂದಿನಿಂದ ಹಬ್ಬದ ಮೂರನೆಯ ದಿನದವರೆಗಿನ ಹತ್ತು ದಿನಗಳನ್ನು ಬಿಡುವು ಮಾಡಿಕೊಳ್ಳಿ. ಭಾರತೀಯರಿಗೆ 90 ದಿನಗಳವರೆಗಿನ ಇ–ವೀಸಾ 2023ರ ಆಗಸ್ಟ್‌ನಿಂದ ಸಿಗುತ್ತಿದೆ, ಆ ಚಿಂತೆ ಇಲ್ಲ. ಚಿಂತೆ ಇರುವುದು ರೈಲು ಬಸ್ಸುಗಳದ್ದು. ನಗರದಲ್ಲಿ ದುಡಿಯುವವರೆಲ್ಲ ಹುಟ್ಟೂರಿಗೆ ಹೊರಡುವ ವಾರ ಅದು, ಹಾಗಾಗಿ ಟಿಕೆಟ್ಟನ್ನು ತಿಂಗಳುಗಟ್ಟಲೆ ಮೊದಲೇ ತೆಗೆದಿಡಬೇಕು. ಹನೋಯ್‌ನಲ್ಲಿ ಆಗ ಜಿನುಗುಮಳೆ, ಎಲುಬಿಗಿಳಿಯುವ ತೇವದ ಚಳಿ. ಅಜ್ಜ ಅಜ್ಜಿಯರಿದ್ದರೆ ಸ್ವೆಟರು, ಕಾಲುಚೀಲ ಮರೆಯಬೇಡಿ. ದಕ್ಷಿಣದ ಹೊ ಚಿ ಮಿನ್ ನಗರದಲ್ಲಾದರೆ ನಮ್ಮ ಕರಾವಳಿಯಂಥ ಬಿಸಿಲು.

ಒಂದು ಮನೆ ಹುಡುಕಿ, ಕರೆಯುವ ಬಗೆ ಕಲಿಯಿರಿ

ತೆತ್ ಬೀದಿಯ ಹಬ್ಬವಲ್ಲ. ಮನೆಯ ಮಾಲೀಕರು, ಸಹೋದ್ಯೋಗಿ, ಮಗುವಿನ ಸಹಪಾಠಿಯ ತಾಯಿ, ತರಕಾರಿ ಮಾರುವವರು, ಯಾರಾದರೂ ಸರಿ, ಒಂದು ಮನೆಯವರ ಪರಿಚಯ ಬೇಕು. ಪ್ರವಾಸಕ್ಕೆ ಬರುವವರು ದೊಡ್ಡ ಹೋಟೆಲಿನ ಬದಲು ಒಂದೇ ಕುಟುಂಬ ನಡೆಸುವ ಹೋಮ್‌ಸ್ಟೇ ಹಿಡಿಯಿರಿ. ‘ಹಬ್ಬಕ್ಕೆ ಬರಲೇ?’ ಎಂದು ಕೇಳಬೇಡಿ. ‘ಬಾನ್ ಚುಂಗ್ ಕಟ್ಟುವ ದಿನ ನಮಗೂ ಕೆಲಸ ಕೊಡುತ್ತೀರಾ?’ ಎಂದು ಕೇಳಿ. ಬಾನ್ ಚುಂಗ್ ಎಂದರೆ ಎಲೆಯಲ್ಲಿ ಕಟ್ಟಿ ಬೇಯಿಸುವ ಹಬ್ಬದ ಕಡುಬು. ಈ ಎರಡು ಪ್ರಶ್ನೆಗಳ ನಡುವಿನ ವ್ಯತ್ಯಾಸ ದೊಡ್ಡದು. ಹಬ್ಬಕ್ಕೆ ಬಂದವನು ಅತಿಥಿ, ಅವನನ್ನು ಸತ್ಕರಿಸಬೇಕು. ಕೆಲಸಕ್ಕೆ ಬಂದವನು ಮನೆಯವನು. ಅದಲ್ಲದೆ ಹೊಸ ವರ್ಷದ ಮೊದಲ ದಿನ ಕರೆಯದೆ ಯಾರ ಮನೆಗೂ ಹೋಗುವಂತಿಲ್ಲ, ಕಾರಣ ಮುಂದೆ ಹೇಳುತ್ತೇನೆ.

ಇನ್ನು ಮಾತು. ವಿಯೆಟ್ನಾಮೀಸಿನಲ್ಲಿ ‘ನಾನು, ನೀನು’ ಎಂಬುದರ ಜಾಗದಲ್ಲಿ ಬಹುತೇಕ ನಂಟಿನ ಹೆಸರುಗಳೇ ನಿಲ್ಲುತ್ತವೆ, ಅಪರಿಚಿತರ ನಡುವೆಯೂ. ಇಂಗ್ಲಿಷಿನ ‘ಅಂಕಲ್’ ಒಂದನ್ನೇ ಬಲ್ಲವರು ಇಲ್ಲಿ ತಬ್ಬಿಬ್ಬಾಗುತ್ತಾರೆ, ದೊಡ್ಡಪ್ಪ ಚಿಕ್ಕಪ್ಪ ಮಾವಂದಿರ ನಡುವೆ ಬೆಳೆದ ಕನ್ನಡದ ಮಗುವಿಗೆ ಅರ್ಧ ಗಂಟೆ ಸಾಕು. ಅಜ್ಜ ‘ಓಂಗ್’, ಅಜ್ಜಿ ‘ಬಾ’. ಅಪ್ಪನ ಅಣ್ಣ ‘ಬಾಕ್’, ಅಪ್ಪನ ತಮ್ಮ ‘ಚೂ’, ಅಪ್ಪನ ತಂಗಿ ‘ಕೋ’. ಸೋದರಮಾವನಿಗೆ ‘ಕವ್’, ಚಿಕ್ಕಮ್ಮನಿಗೆ, ಅಂದರೆ ಅಮ್ಮನ ತಂಗಿಗೆ, ‘ಜೀ’. ಅಜ್ಜಿಯ ಮುಂದೆ ಮೊಮ್ಮಗು ತನ್ನನ್ನು ‘ಚಾವ್’ ಎಂದು ಕರೆದುಕೊಳ್ಳುತ್ತದೆ. ಹಬ್ಬಕ್ಕೆ ಎರಡು ವಾರ ಮೊದಲೇ ಊಟದ ಹೊತ್ತಿನಲ್ಲಿ ಇದನ್ನೇ ಆಟವಾಗಿ ಆಡಿ: ಮನೆಯಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಈ ಹೆಸರುಗಳಿಂದಲೇ ಕರೆಯಬೇಕು. ನನ್ನ ಅತ್ತೆ ಊರಿನಿಂದ ಬಂದವರು, ಮೂರೇ ದಿನಕ್ಕೆ ಕೆಳಮನೆಯ ಅಜ್ಜಿಗೆ ‘ಬಾ’ ಎನ್ನತೊಡಗಿದರು. ಕನ್ನಡದಲ್ಲಿ ಬಾ ಎಂದು ಕರೆದಂತೆಯೂ ಕೇಳುತ್ತದಲ್ಲ, ಇಬ್ಬರಿಗೂ ಅದು ಬಹಳ ಹಿಡಿಸಿತು.

ಮಕ್ಕಳಿಗೆ ಇನ್ನೊಂದನ್ನು ಕಲಿಸಿ. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿ ತಲೆ ಬಾಗಿಸಿ ಹಿರಿಯರಿಗೆ ನಮಸ್ಕರಿಸುವುದು ಇಲ್ಲಿನ ಮಕ್ಕಳ ರೂಢಿ.

23: ಒಲೆಯ ದೇವರನ್ನು ಬೀಳ್ಕೊಡುವ ದಿನ

ಪ್ರತಿ ಮನೆಯ ಒಲೆಗೂ ಒಬ್ಬ ದೇವರು, ‘ಓಂಗ್ ತಾವ್’. ಕತೆಯಲ್ಲಿ ಅವರು ಮೂವರು, ಇಬ್ಬರು ಗಂಡಸರು ಮತ್ತು ಒಬ್ಬ ಹೆಂಗಸು, ಒಲೆಯ ಮೂರು ಗುಂಡುಗಳ ಹಾಗೆ. ವರ್ಷವಿಡೀ ಮನೆಯೊಳಗೆ ಏನು ನಡೆಯಿತೆಂದು ಸ್ವರ್ಗದ ಒಡೆಯನಿಗೆ ವರದಿ ಒಪ್ಪಿಸಲು ಅವರು ಈ ದಿನ ಹೊರಡುತ್ತಾರೆ. ಏರಿ ಹೋಗುವ ವಾಹನ ಗೆಂಡೆ ಮೀನು. ಕಾಗದದ ಟೋಪಿ, ಬಟ್ಟೆ, ಪಾದರಕ್ಷೆಗಳನ್ನು ಎಡೆಯ ಮುಂದಿಟ್ಟು ಪೂಜೆ ಮುಗಿದ ಮೇಲೆ ಸುಡುತ್ತಾರೆ, ಜೀವಂತ ಮೀನನ್ನು ಕೆರೆಗೋ ಹೊಳೆಗೋ ಬಿಡುತ್ತಾರೆ. ಮಧ್ಯಾಹ್ನ ಹನ್ನೆರಡರೊಳಗೆ ಎಲ್ಲ ಮುಗಿಯಬೇಕು.

ಚಿಕ್ಕ ಮಕ್ಕಳಿರುವವರು ಈ ದಿನವನ್ನು ಬಿಡಲೇಬಾರದು. ಮೀನನ್ನು ಬಟ್ಟಲಿನಲ್ಲಿ ತಂದು, ನೀರಿನ ಅಂಚಿಗೆ ಇಳಿದು, ಬಟ್ಟಲನ್ನು ನಿಧಾನ ಬಾಗಿಸಿ ಬಿಡಿ. ಲೋಂಗ್ ಬಿಯೆನ್ ಸೇತುವೆಯ ಮೇಲಿಂದ ಕೆಂಪು ನದಿಗೆ ಪ್ಲಾಸ್ಟಿಕ್ ಚೀಲದ ಸಮೇತ ಎಸೆಯುವವರನ್ನೂ ನೋಡುತ್ತೀರಿ. ‘ಮೀನು ಬಿಡಿ, ಚೀಲ ಬಿಡಬೇಡಿ’ ಎಂಬ ಫಲಕ ಹಿಡಿದು ನಿಲ್ಲುವ ಯುವಕರನ್ನೂ ಅಲ್ಲೇ ಕಾಣುತ್ತೀರಿ. ನಮ್ಮ ಮಗ ಎರಡನೆಯ ವರ್ಷ ಅವರ ಜತೆ ನಿಂತು ಖಾಲಿ ಚೀಲಗಳನ್ನು ಸಂಗ್ರಹಿಸಿದ.

ಮನೆಗೆ ಬಂದ ಮೇಲೆ ಒಂದು ಕೆಲಸ. ಓಂಗ್ ತಾವ್ ನಮ್ಮ ಮನೆಯ ಬಗ್ಗೆ ಏನು ವರದಿ ಹೇಳಬಹುದು ಎಂದು ಮಕ್ಕಳನ್ನು ಕೇಳಿ. ಉತ್ತರ ಕೇಳಿಸಿಕೊಳ್ಳುವಾಗ ನಡುವೆ ಬಾಯಿ ಹಾಕಬೇಡಿ. ನನಗೆ ಸಿಕ್ಕ ಉತ್ತರ ಹೀಗಿತ್ತು: ‘ಅಪ್ಪ ಊಟ ಮಾಡುವಾಗ ಫೋನ್ ನೋಡುತ್ತಾರೆ ಅಂತ ಹೇಳುತ್ತಾರೆ.’

ಹೂವು, ಹಣ್ಣು, ಹಿರಿಯರ ಗೋರಿ

23ರ ನಂತರ ಮನೆ ಗುಡಿಸಿ ತೊಳೆದು, ಸಾಲ ತೀರಿಸಿ, ಹೂವಿನ ಮಾರುಕಟ್ಟೆಗೆ ಹೋಗುವ ದಿನಗಳು. ಉತ್ತರದಲ್ಲಿ ಗುಲಾಬಿ ಬಣ್ಣದ ಪೀಚ್ ಹೂವಿನ ಕೊಂಬೆ, ದಕ್ಷಿಣದಲ್ಲಿ ಹಳದಿ ‘ಮಾಯ್’ ಹೂವು. ಹನೋಯ್‌ನ ಪೀಚ್ ತೋಟಗಳಿರುವುದು ನ್ಯಾತ್ ತಾನ್‌ನಲ್ಲಿ, ಪುಟ್ಟ ಕಿತ್ತಳೆಯಂಥ ಕುಮ್‌ಕ್ವಾಟ್ ಗಿಡಗಳು ತು ಲಿಯೆನ್‌ನಲ್ಲಿ. ಕೊಂಬೆ ಆರಿಸುವಾಗ ಮೊಗ್ಗು ಹೆಚ್ಚಿರುವುದನ್ನು ತೆಗೆದುಕೊಳ್ಳಿ, ಅರಳುವುದು ಹಬ್ಬದ ದಿನ ಆಗಬೇಕು. ಆರಿಸುವ ಅಧಿಕಾರವನ್ನು ಮನೆಯ ಅತಿ ಹಿರಿಯರಿಗೂ ಅತಿ ಕಿರಿಯರಿಗೂ ಸೇರಿಸಿ ಕೊಟ್ಟುಬಿಡಿ.

ತೀರಿಕೊಂಡ ಹಿರಿಯರ ಪೂಜಾಪೀಠದ ಮುಂದೆ ಐದು ಹಣ್ಣಿನ ತಟ್ಟೆ ಇಡುತ್ತಾರೆ. ಉತ್ತರದಲ್ಲಿ ಹಸಿರು ಬಾಳೆಯ ಚಿಪ್ಪು ಅಂಗೈಯಂತೆ ಕೆಳಗಿದ್ದು, ಮೇಲೆ ಚಕ್ಕೋತ ಮೊದಲಾದವು. ದಕ್ಷಿಣದಲ್ಲಿ ಬಾಳೆ ನಿಷಿದ್ಧ, ಅದರ ಹೆಸರು ಅವರ ಉಚ್ಚಾರಣೆಯಲ್ಲಿ ‘ಕೆಳಕ್ಕೆ ಬೀಳು’ ಎಂಬಂತೆ ಕೇಳುತ್ತದೆ. ಅಲ್ಲಿ ಸೀತಾಫಲದ ಜಾತಿಯ ಹಣ್ಣು, ಎಳನೀರು, ಪಪಾಯಿ, ಮಾವು ಜೋಡಿಸುತ್ತಾರೆ. ಹೆಸರುಗಳನ್ನು ಸಾಲಾಗಿ ಹೇಳಿದರೆ ‘ಖರ್ಚಿಗೆ ಸಾಕಾಗುವಷ್ಟು ಬೇಡುತ್ತೇವೆ’ ಎಂಬ ಮಾತಾಗುತ್ತದೆ. ಹೆಚ್ಚಿಗೆ ಬೇಡ, ಸಾಕಾಗುವಷ್ಟು.

ಈ ದಿನಗಳಲ್ಲೇ ಕುಟುಂಬದವರು ಗೋರಿಗಳಿಗೆ ಹೋಗಿ ಕಳೆ ಕಿತ್ತು, ಊದುಬತ್ತಿ ಹಚ್ಚಿ, ಹಿರಿಯರನ್ನು ಹಬ್ಬಕ್ಕೆ ಮನೆಗೆ ಕರೆಯುತ್ತಾರೆ. ಅವರಾಗಿ ಕರೆದರೆ ಮಾತ್ರ ಹೋಗಿ, ಹೋದರೆ ಹುಲ್ಲು ಕೀಳಲು ಕೈಜೋಡಿಸಿ.

ಬಾನ್ ಚುಂಗ್ ಕಟ್ಟುವ ದಿನ

ಹಬ್ಬದ ಹೃದಯ ಇದು. ಹಬ್ಬಕ್ಕೆ ಎರಡು ಮೂರು ದಿನ ಮೊದಲು, ಸಾಮಾನ್ಯವಾಗಿ 27 ಅಥವಾ 28ಕ್ಕೆ ಕಟ್ಟುತ್ತಾರೆ. ಅಂಟಕ್ಕಿ, ಹೆಸರುಬೇಳೆ, ಹಂದಿಮಾಂಸವನ್ನು ಎಲೆಯಲ್ಲಿ ಚೌಕಾಕಾರಕ್ಕೆ ಕಟ್ಟಿ ರಾತ್ರಿಯಿಡೀ ಬೇಯಿಸುವ ಕಡುಬು. ನಾನು ಕುಂದಾಪುರದ ಕಡೆಯವಳು, ಅಷ್ಟಮಿಗೆ ಮೂಡೆ, ಚೌತಿಗೆ ಕೊಟ್ಟೆ ಕಡುಬು ನೋಡಿಕೊಂಡೇ ಬೆಳೆದವಳು. ಎಲೆಯ ರಾಶಿಯ ಮುಂದೆ ಕೂತ ಕ್ಷಣ ಕೈಗೆ ಊರು ನೆನಪಾಯಿತು.

ಕತೆ ಹೀಗಿದೆ. ವಿಯೆಟ್ನಾಮಿನ ಐತಿಹ್ಯದ ಹುಂಗ್ ವಂಶದ ಆರನೆಯ ದೊರೆ, ಹಿರಿಯರಿಗೆ ಅತ್ಯುತ್ತಮ ನೈವೇದ್ಯ ತಂದವನಿಗೆ ಸಿಂಹಾಸನ ಎಂದ. ಉಳಿದ ಮಕ್ಕಳು ಕಾಡು ಕಡಲು ಜಾಲಾಡಿ ಅಪರೂಪದ ಪದಾರ್ಥ ತಂದರು. ಬಡವನಾಗಿದ್ದ ಲಾಂಗ್ ಲಿಯೆವ್ ಮನೆಯಲ್ಲಿದ್ದ ಅಕ್ಕಿಯಲ್ಲೇ ಭೂಮಿಯಂಥ ಚೌಕದ ಕಡುಬು, ಆಕಾಶದಂಥ ದುಂಡನೆಯ ಕಡುಬು ಮಾಡಿ ತಂದು ದೊರೆಯಾದ. ಎಲೆ ಒರೆಸುತ್ತ ಕೂತಾಗ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕತೆ ಬೇಡ.

ಹತ್ತು ಕಡುಬಿಗೆ ಸುಮಾರು ನಾಲ್ಕು ಕಿಲೋ ಅಂಟಕ್ಕಿ, ಎರಡು ಕಿಲೋ ಸಿಪ್ಪೆಯಿಲ್ಲದ ಹೆಸರುಬೇಳೆ, ಒಂದೂವರೆ ಕಿಲೋ ಕೊಬ್ಬಿರುವ ಹಂದಿಮಾಂಸ ಬೇಕು. ‘ಜೊಂಗ್’ ಎಂಬ ಅಗಲ ಎಲೆ ಕಡುಬಿಗೆ ನಾಲ್ಕರಿಂದ ಆರರಂತೆ, ಹರಿದದ್ದಕ್ಕೆ ಬದಲಿಯಾಗಿ ಒಂದಿಷ್ಟು ಹೆಚ್ಚಿಗೆ. ಕಟ್ಟಲು ತೆಳುವಾಗಿ ಸೀಳಿದ ಬಿದಿರಿನ ದಾರ.

ಹಿಂದಿನ ರಾತ್ರಿ ಅಕ್ಕಿ ನೆನೆಹಾಕಿ, ಎಂಟು ಗಂಟೆಯಾದರೂ ನೆನೆಯಬೇಕು. ಬೇಳೆಗೆ ನಾಲ್ಕು ಗಂಟೆ ಸಾಕು. ಬೆಳಿಗ್ಗೆ ಅಕ್ಕಿಯ ನೀರು ಪೂರ್ತಿ ಬಸಿದು, ಕಿಲೋಗೆ ಎರಡು ಟೀ ಚಮಚದಂತೆ ಉಪ್ಪು ಬೆರೆಸಿ. ಬೇಳೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಮಸೆದು ಉಂಡೆ ಕಟ್ಟಿ. ಮಾಂಸಕ್ಕೆ ಉಪ್ಪು, ಜಜ್ಜಿದ ಸಣ್ಣ ಈರುಳ್ಳಿ, ಧಾರಾಳವಾಗಿ ಕರಿಮೆಣಸು.

ಎಲೆ ತೊಳೆಯುವುದು ಮಕ್ಕಳ ಕೆಲಸ. ಎರಡೂ ಬದಿ ತೊಳೆದು ಒಣಬಟ್ಟೆಯಲ್ಲಿ ಒರೆಸಬೇಕು, ತೇವ ಉಳಿದರೆ ಕಡುಬು ಬೇಗ ಬೂಸ್ಟು ಹಿಡಿಯುತ್ತದೆ. ಎಲೆಯ ಬೆನ್ನಿನ ದಪ್ಪ ನಾರನ್ನು ಚಾಕುವಿನಿಂದ ತೆಳುವಾಗಿಸುವುದು ದೊಡ್ಡವರದ್ದು. ಮೊದಲ ಬಾರಿ ಕಟ್ಟುವವರು ಮರದ ಚೌಕಟ್ಟು ಕೇಳಿ ಪಡೆಯಿರಿ. ಎಲೆಗಳನ್ನು ಮಡಿಸಿ ಚೌಕಟ್ಟಿನ ನಾಲ್ಕು ಮೂಲೆಗೆ ಕೂರಿಸಿ, ಕೆಳಗೆ ಅಕ್ಕಿ, ಅದರ ಮೇಲೆ ಬೇಳೆ, ನಡುವೆ ಮಾಂಸ, ಮತ್ತೆ ಬೇಳೆ, ಮತ್ತೆ ಅಕ್ಕಿ. ಮೂಲೆಗಳಿಗೆ ಅಕ್ಕಿ ತುಂಬಲು ಮರೆತರೆ ಚೌಕ ಬರುವುದಿಲ್ಲ. ಬಿಗಿತದ ಹದ ಕೈಗೆ ಮಾತ್ರ ತಿಳಿಯುತ್ತದೆ: ತೀರಾ ಬಿಗಿದರೆ ಅಕ್ಕಿ ಅರಳಲು ಜಾಗವಿಲ್ಲದೆ ಗಟ್ಟಿಯಾಗುತ್ತದೆ, ಸಡಿಲಾದರೆ ನೀರು ನುಗ್ಗುತ್ತದೆ. ಅಜ್ಜಿ ನನ್ನ ಮೊದಲ ಮೂರನ್ನು ಬಿಚ್ಚಿಸಿ ಮತ್ತೆ ಕಟ್ಟಿಸಿದರು. ಬೇಸರ ಮಾಡಿಕೊಳ್ಳದೆ ಬಿಚ್ಚಿ ಕಟ್ಟಿ.

ಉಳಿದ ಚೂರುಪಾರು ಎಲೆ, ಅಕ್ಕಿಯಲ್ಲಿ ಅಂಗೈಯಗಲದ ಪುಟ್ಟ ಕಡುಬುಗಳನ್ನು ಮಕ್ಕಳಿಗಾಗಿ ಕಟ್ಟುತ್ತಾರೆ. ಮಗುವೇ ತನ್ನದನ್ನು ಕಟ್ಟಲಿ, ವಕ್ರವಾದರೂ ತಿದ್ದಬೇಡಿ. ಅದು ಎಲ್ಲಕ್ಕಿಂತ ಮೊದಲು ಬೇಯುತ್ತದೆ, ಅದಕ್ಕಾಗಿಯೇ ಮಗು ಎಚ್ಚರವಿರುತ್ತದೆ.

ಸಸ್ಯಾಹಾರಿಗಳು ಹಿಂದೆಗೆಯಬೇಕಿಲ್ಲ. ಮಾಂಸ ಬಿಟ್ಟು ಬೇಳೆ, ಮೆಣಸು, ಅಣಬೆ ಹಾಕಿದ ಕಡುಬೂ ಇಲ್ಲಿನದೇ ರೂಢಿ, ‘ಬಾನ್ ಚುಂಗ್ ಚಾಯ್’. ನಿಮ್ಮ ಕಡುಬನ್ನು ಮಾಂಸ ಮುಟ್ಟುವ ಮೊದಲೇ ಕಟ್ಟಿ, ಬೇರೆ ಬಣ್ಣದ ದಾರದಿಂದ ಗುರುತು ಮಾಡಿ, ಬೇರೆ ಪಾತ್ರೆಯಲ್ಲಿ ಬೇಯಿಸಲು ಅನುವು ಕೇಳಿ. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡು ಕೊನೆಗೆ ತಟ್ಟೆಯ ಮುಂದೆ ಮುಖ ಬಾಡಿಸುವುದಕ್ಕಿಂತ ಮೊದಲೇ ಹೇಳುವುದು ಮರ್ಯಾದೆ.

ಒಲೆ ಕಾಯುವ ರಾತ್ರಿ

ದೊಡ್ಡ ಹಂಡೆಯ ತಳಕ್ಕೆ ಎಲೆಯ ದಂಟುಗಳನ್ನು ಹಾಸಿ, ಕಡುಬುಗಳನ್ನು ಒತ್ತಾಗಿ ಜೋಡಿಸಿ, ಮುಳುಗುವಷ್ಟು ನೀರು ಹೊಯ್ದು ಕಟ್ಟಿಗೆಯ ಉರಿಯಲ್ಲಿ ಹತ್ತರಿಂದ ಹನ್ನೆರಡು ಗಂಟೆ ಬೇಯಿಸಬೇಕು. ನೀರು ಒಮ್ಮೆಯೂ ಕಡುಬಿಗಿಂತ ಕೆಳಗಿಳಿಯಕೂಡದು, ಸೇರಿಸುವ ನೀರು ಕುದಿಯುತ್ತಿರುವುದೇ ಆಗಿರಬೇಕು. ತಣ್ಣೀರು ಹೊಯ್ದರೆ ಅಕ್ಕಿ ಅರೆಬೆಂದಂತಾಗುತ್ತದೆ. ಅಂದರೆ ಯಾರಾದರೂ ಎದ್ದಿರಲೇಬೇಕು, ಪಕ್ಕದಲ್ಲೊಂದು ಕೆಟಲಿನಲ್ಲಿ ನೀರು ಸದಾ ಕುದಿಯುತ್ತಿರಬೇಕು.

ನನಗೆ ಈ ಹಬ್ಬದಲ್ಲಿ ಎಲ್ಲಕ್ಕಿಂತ ಪ್ರಿಯವಾದದ್ದು ಈ ರಾತ್ರಿಯೇ. ಹೊರಗೆ ಚಳಿ, ಕತ್ತಲೆ. ಇಲ್ಲಿ ಗಾಢ ಕತ್ತಲೆಗೆ ‘ಮೂವತ್ತರ ರಾತ್ರಿಯ ಹಾಗೆ’ ಎಂಬ ಮಾತಿದೆ, ಚಂದ್ರನಿಲ್ಲದ ವರ್ಷದ ಕೊನೆಯ ರಾತ್ರಿಯದು. ಕೆಂಡದಲ್ಲಿ ಗೆಣಸು ಹುಗಿಯುತ್ತಾರೆ. ಎಲೆಯ, ಹೊಗೆಯ ವಾಸನೆ ಕಂಬಳಿಗೆ ಹತ್ತುತ್ತದೆ. ಹತ್ತು ಗಂಟೆ ಹೊತ್ತು ಮಾಡಲು ಬೇರೇನೂ ಇಲ್ಲವಾದ್ದರಿಂದ ಮಾತು ತಾನಾಗಿ ಹೊರಡುತ್ತದೆ. ಅಜ್ಜಿಯ ಮಗ ನುಡಿಯುತ್ತಿದ್ದ, ಅವರ ಮೊಮ್ಮಗಳು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು, ನಾನು ಅತ್ತೆಗೆ ಕನ್ನಡದಲ್ಲಿ ಹೇಳುತ್ತಿದ್ದೆ. 1980ರ ದಶಕದ ಆರಂಭದಲ್ಲಿ ಅಕ್ಕಿ, ಮಾಂಸಕ್ಕೆ ಪಡಿಚೀಟಿ ಇದ್ದ ಕಾಲದ ಮಾತು ಬಂತು, ಹಬ್ಬದ ಕಡುಬಿಗೆ ಮಾಂಸ ಹೊಂದಿಸಲು ಸಾಲಿನಲ್ಲಿ ನಿಂತದ್ದು. ಅತ್ತೆ ನಮ್ಮೂರ ನ್ಯಾಯಬೆಲೆ ಅಂಗಡಿಯ ಸಾಲಿನ ಕತೆ ಹೇಳಿದರು. ನಾನು ಹದಿನಾಲ್ಕು ವರ್ಷ ಆ ಮನೆಯ ಸೊಸೆಯಾಗಿದ್ದರೂ ಅದನ್ನು ಕೇಳಿದ್ದು ಅಂದೇ.

ಆದ್ದರಿಂದ ಪಾಳಿ ಹಂಚುವಾಗ ಒಂದೇ ವಯಸ್ಸಿನವರನ್ನು ಒಟ್ಟಿಗೆ ಹಾಕಬೇಡಿ. ಅಜ್ಜನ ಜತೆ ಮೊಮ್ಮಗಳು, ಅತ್ತೆಯ ಜತೆ ಅಳಿಯ, ಹೀಗೆ ಜೋಡಿ ಮಾಡಿ. ಫೋನುಗಳು ಒಳಗಿರಲಿ. ಹದಿಹರೆಯದವರಿಗೆ ನಡುರಾತ್ರಿಯ ಪಾಳಿ ಕೊಡಿ, ಅವರನ್ನು ನಂಬಿದ್ದೇವೆಂದು ಅವರಿಗೆ ಗೊತ್ತಾಗಲಿ.

ಈಗ ಅಪಾರ್ಟ್‌ಮೆಂಟುಗಳಲ್ಲಿ ಕಟ್ಟಿಗೆ ಉರಿಸಲಾಗದು. ಕೆಲವರು ವಿದ್ಯುತ್ ಹಂಡೆ ಬಳಸುತ್ತಾರೆ, ಅನೇಕರು ತ್ರಾನ್ ಖುಕ್‌ನಂಥ ಕಡುಬಿನ ಹಳ್ಳಿಗಳಿಂದ ಕೊಂಡೇ ತರುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ನಾಲ್ಕು ಮನೆಯವರು ಸೇರಿ ಓಣಿಯ ಬಾಯಲ್ಲಿ ಒಂದೇ ಹಂಡೆ ಇಡುವ ಕಡೆಗಳೂ ಉಳಿದಿವೆ, ಸಾಧ್ಯವಾದರೆ ಅಲ್ಲಿಗೆ ಸೇರಿಕೊಳ್ಳಿ.

ಬೆಂದ ಕಡುಬನ್ನು ತಣ್ಣೀರಲ್ಲಿ ತೊಳೆದು, ಹಲಗೆಗಳ ನಡುವೆ ಸಾಲಾಗಿಟ್ಟು ಮೇಲೆ ಭಾರ ಹೇರಿ ಕೆಲವು ಗಂಟೆ ನೀರಿಳಿಸಿ. ಕತ್ತರಿಸಲು ಚಾಕು ಬೇಡ. ಬಿಚ್ಚಿದ ಬಿದಿರ ದಾರಗಳನ್ನೇ ನಕ್ಷತ್ರದಂತೆ ಕಡುಬಿನ ಮೇಲೆ ಹರಡಿ, ಬೋರಲು ಹಾಕಿ, ದಾರದ ಎರಡು ತುದಿಗಳನ್ನು ಎದುರುಬದುರು ಎಳೆದರೆ ಎಂಟು ಸಮ ತುಂಡುಗಳಾಗುತ್ತವೆ. ಜತೆಗೆ ಹುಳಿ ಬಂದ ಈರುಳ್ಳಿ ಉಪ್ಪಿನಕಾಯಿ.

ಒಂದು ಮಾತು ಒತ್ತಿ ಹೇಳಬೇಕು. ತೆತ್ ಬಂತೆಂದರೆ ಅಡುಗೆಮನೆಯಲ್ಲಿ ಸವೆಯುವವರು ಇಲ್ಲೂ ಹೆಂಗಸರೇ, ಅದರಲ್ಲೂ ಹೊಸ ಸೊಸೆಯಂದಿರು. ಪಾತ್ರೆಯ ರಾಶಿ ಕಂಡಾಗ ನಿಮ್ಮ ಮನೆಯ ಗಂಡಸರು, ಹುಡುಗರು ಎದ್ದು ಹೋಗಿ ತೊಳೆಯಲಿ. ಆತಿಥೇಯರು ಬೇಡವೆಂದರೂ ತೊಳೆಯಲಿ. ಒಬ್ಬಳನ್ನು ಹೊರಗಿಟ್ಟು ಉಳಿದವರು ಒಲೆಯ ಸುತ್ತ ನಕ್ಕರೆ ಅದು ಬಾಂಧವ್ಯವಲ್ಲ.

ವರ್ಷದ ಕೊನೆಯ ದಿನ

ಬೆಳಿಗ್ಗೆ ಮಾರುಕಟ್ಟೆಯಲ್ಲಿ ಹೂ ಬಿಟ್ಟು ಕಾಯಿಗಟ್ಟಿದ ಕೊತ್ತಂಬರಿ ಗಿಡಗಳ ಕಟ್ಟು ಸಿಗುತ್ತದೆ, ‘ಮೂಯ್ ಜಾ’. ಉತ್ತರದವರು ಅದನ್ನು ಬೇರು ಸಮೇತ ತೊಳೆದು, ನೀರಲ್ಲಿ ಕುದಿಸಿ, ಆ ನೀರಿನಿಂದ ಸ್ನಾನ ಮಾಡಿ ಹಳೆಯ ವರ್ಷವನ್ನು ತೊಳೆದುಕೊಳ್ಳುತ್ತಾರೆ. ಮನೆಯಿಡೀ ಘಮಘಮ. ಯುಗಾದಿಯ ಎಣ್ಣೆಸ್ನಾನದ ಮನೆಯಿಂದ ಬಂದವರಿಗೆ ಇದನ್ನು ವಿವರಿಸಬೇಕಿಲ್ಲ. ಆತಿಥೇಯರಿಲ್ಲದೆಯೂ ಮಾಡಬಹುದಾದ ಆಚರಣೆ ಇದು, ಖಂಡಿತ ಮಾಡಿ.

ಸಂಜೆ ‘ತಾತ್ ನಿಯೆನ್’, ವರ್ಷದ ಕೊನೆಯ ಊಟ. ಹಿರಿಯರಿಗೆ ಎಡೆ ಇಟ್ಟು, ಊದುಬತ್ತಿ ಉರಿದು ಮುಗಿದ ಮೇಲೆಯೇ ಮನೆಯವರ ಊಟ. ನೀವು ತಂದ ಉಡುಗೊರೆಯನ್ನೂ ಮೊದಲು ಪೀಠದ ಮೇಲಿಡುತ್ತಾರೆ. ನಮ್ಮ ಮೈಸೂರು ಪಾಕಿನ ಡಬ್ಬಿ ಅಜ್ಜಿಯ ಗಂಡನ ಭಾವಚಿತ್ರದ ಮುಂದೆ ಮೂರು ದಿನ ಕೂತಿತ್ತು. ಗಡಿಯಾರ, ಚಾಕು, ಕತ್ತರಿ ಉಡುಗೊರೆ ಕೊಡಬಾರದು. ಊದುಬತ್ತಿ ಹಚ್ಚಲು ಕೊಟ್ಟರೆ ಒಂದೋ ಮೂರೋ, ಬೆಸ ಸಂಖ್ಯೆಯಲ್ಲಿ.

ನಡುರಾತ್ರಿ ‘ಜಾವ್ ಥುವಾ’, ಎರಡು ವರ್ಷಗಳ ಸಂಧಿ. ಒಳಗೊಂದು, ಬಯಲಲ್ಲೊಂದು ಎಡೆ. ಮನೆಗಳಲ್ಲಿ ಪಟಾಕಿ ಸಿಡಿಸುವುದು 1995ರಿಂದ ನಿಷಿದ್ಧ, ಸರ್ಕಾರದ ಬಾಣಬಿರುಸನ್ನು ಹನೋಯ್‌ನಲ್ಲಿ ಹೋಆನ್ ಕಿಯೆಮ್ ಕೆರೆಯ ಬಳಿ ನೋಡಬಹುದು. ಜನಜಂಗುಳಿ ವಿಪರೀತ, ಚಿಕ್ಕ ಮಕ್ಕಳಿದ್ದರೆ ಮನೆಯ ತಾರಸಿಯೇ ಮೇಲು. ಮರಳುವಾಗ ಬೀದಿಬದಿ ಪುಟ್ಟ ಪೊಟ್ಟಣದಲ್ಲಿ ಉಪ್ಪು ಮಾರುತ್ತಿರುತ್ತಾರೆ. ವರ್ಷದ ಮೊದಲಿಗೆ ಉಪ್ಪು ಕೊಳ್ಳಬೇಕೆಂಬುದು ಇಲ್ಲಿನ ಗಾದೆ, ನಂಟು ಉಪ್ಪಿನಂತೆ ಗಾಢವಾಗಿರಲಿ ಎಂದು.

ಮೊದಲ ಮೂರು ದಿನ

ಹೊಸ ವರ್ಷ ಮನೆಯ ಹೊಸ್ತಿಲು ಮೊದಲು ತುಳಿದವರ ಗುಣ ಇಡೀ ವರ್ಷಕ್ಕೆ ಅಂಟುತ್ತದೆಂದು ನಂಬಿಕೆ. ಹೆಸರು ‘ಸೋಂಗ್ ದತ್’. ಮನೆಯವರ ಹುಟ್ಟುವರ್ಷಕ್ಕೆ ಹೊಂದುವ ವ್ಯಕ್ತಿಯನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಆದ್ದರಿಂದಲೇ ಕರೆಯದೆ ಹೋಗಬೇಡಿ ಎಂದದ್ದು. ಸೂತಕದಲ್ಲಿರುವವರು ಈ ದಿನಗಳಲ್ಲಿ ಬೇರೆಯವರ ಮನೆಗೆ ಹೋಗುವುದಿಲ್ಲ. ಬಿಳಿ ಬಟ್ಟೆಯೂ ಇಲ್ಲಿ ಸಾವಿನ ಬಣ್ಣ, ಕೆಂಪು ಹಳದಿ ಉಡಿ. ಮೊದಲ ದಿನ ಕಸ ಗುಡಿಸುವುದಿಲ್ಲ, ಸಿರಿ ಹೊರಹೋಗುತ್ತದೆಂದು.

‘ಮೊದಲ ದಿನ ತಂದೆಯದು, ಎರಡನೆಯದು ತಾಯಿಯದು, ಮೂರನೆಯದು ಗುರುವಿನದು’ ಎಂಬ ಮಾತಿನಂತೆ ಓಡಾಟ ನಡೆಯುತ್ತದೆ. ಮೊದಲು ಅಪ್ಪನ ಕಡೆಯ ಹಿರಿಯರು, ಮರುದಿನ ಅಮ್ಮನ ತವರು, ಆಮೇಲೆ ಮೇಷ್ಟ್ರ ಮನೆ. ನೀವೂ ಇದನ್ನೇ ಅನುಸರಿಸಿ: ಮೊದಲ ದಿನ, ಎರಡನೆಯ ದಿನ ಊರಿನ ಎರಡೂ ಮನೆಗಳಿಗೆ ವಿಡಿಯೊ ಕರೆ, ಮೂರನೆಯ ದಿನ ಮಗುವಿನ ಶಿಕ್ಷಕಿಗೆ ಶುಭಾಶಯ.

ಕೆಂಪು ಲಕೋಟೆಯಲ್ಲಿ ಮಕ್ಕಳಿಗೆ ಹಣ ಕೊಡುವ ‘ಲೀ ಸೀ’ಗೆ ಉತ್ತರದಲ್ಲಿ ‘ಮುಂಗ್ ತುವೊಯ್’ ಎನ್ನುತ್ತಾರೆ, ವಯಸ್ಸಿಗೆ ಹಾರೈಕೆ ಎಂದರ್ಥ. ಹಳೆಯ ಲೆಕ್ಕದಲ್ಲಿ ತೆತ್ ದಿನ ಎಲ್ಲರ ವಯಸ್ಸೂ ಒಂದು ವರ್ಷ ಏರುತ್ತದೆ. ಗರಿಗರಿ ಹೊಸ ನೋಟು ಬೇಕು, 20,000 ಅಥವಾ 50,000 ದೊಂಗ್ ಸಾಕು. ಮಗು ಮೊದಲು ಹಾರೈಸಿ, ಎರಡೂ ಕೈಯಲ್ಲಿ ತೆಗೆದುಕೊಂಡು, ಕೊಟ್ಟವರ ಮುಂದೆ ತೆರೆಯದೆ ಇಟ್ಟುಕೊಳ್ಳಬೇಕು. ‘ಚುಕ್ ಮುಂಗ್ ನಮ್ ಮೊಯ್’ ಎಂದರೆ ಹೊಸ ವರ್ಷದ ಶುಭಾಶಯ. ಮನೆಯ ಹಿರಿಯರಿಗೂ ಲಕೋಟೆ ಕೊಡುವುದುಂಟು, ನೂರು ವರ್ಷ ಬಾಳಿ ಎಂದು ಹಾರೈಸಿ.

ಮಧ್ಯಾಹ್ನಗಳು ಉದ್ದ. ಚಹಾ, ಸಕ್ಕರೆ ಕಟ್ಟಿದ ಶುಂಠಿ, ಹುರಿದ ಕಲ್ಲಂಗಡಿ ಬೀಜ. ಆಗ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಸಾಲು, ಸಾಲಿಗೆ ಐದು ಚೌಕ, ಎರಡು ತುದಿಗೆ ಅರ್ಧವೃತ್ತ ಬರೆಯಿರಿ. ಚೌಕಕ್ಕೆ ಐದರಂತೆ 50 ಕಲ್ಲು, ಅರ್ಧವೃತ್ತಕ್ಕೆ ಒಂದೊಂದು ದೊಡ್ಡ ಕಲ್ಲು. ಇದು ‘ಓ ಆನ್ ಕ್ವಾನ್’, ನಮ್ಮ ಚನ್ನೆಮಣೆಯ ದಾಯಾದಿ. ತನ್ನ ಬದಿಯ ಒಂದು ಚೌಕದ ಕಲ್ಲುಗಳನ್ನೆತ್ತಿ ಒಂದೊಂದಾಗಿ ಹಂಚುತ್ತ ಹೋಗಬೇಕು. ಕೊನೆಯ ಕಲ್ಲಿನ ಮುಂದಿನ ಚೌಕದಲ್ಲಿ ಕಲ್ಲಿದ್ದರೆ ಎತ್ತಿ ಮುಂದುವರಿಸಿ, ಅದು ಖಾಲಿಯಾಗಿದ್ದು ಅದರಾಚೆಯದರಲ್ಲಿ ಕಲ್ಲಿದ್ದರೆ ಅವು ನಿಮ್ಮವು. ಎರಡು ಚೌಕ ಸತತ ಖಾಲಿಯಾದರೆ, ಅಥವಾ ಮುಂದೆ ದೊಡ್ಡ ಕಲ್ಲಿನ ಮನೆ ಬಂದರೆ, ಸರದಿ ಎದುರಾಳಿಗೆ. ಎರಡೂ ದೊಡ್ಡ ಕಲ್ಲು ಖಾಲಿಯಾದರೆ ಆಟ ಮುಗಿಯಿತು. ಹದಿನಾಲ್ಕು ಗುಳಿಯ ಮಣೆಯಲ್ಲಿ ಪಳಗಿದ ನನ್ನ ಅತ್ತೆ ಎರಡನೆಯ ಆಟಕ್ಕೇ ಅಜ್ಜಿಯನ್ನು ಸೋಲಿಸಿದರು. ಭಾಷೆಯಿಲ್ಲದೆ ಇಬ್ಬರೂ ಕತ್ತಲಾಗುವವರೆಗೆ ಆಡಿದರು.

ಮನೆ ಸಿಗದಿದ್ದರೆ, ಊರಲ್ಲೇ ಇದ್ದರೆ

ಹನೋಯ್‌ನ ಜನಾಂಗಶಾಸ್ತ್ರ ವಸ್ತುಸಂಗ್ರಹಾಲಯ ಹಬ್ಬದ ಹೊತ್ತಿಗೆ ಜನಪದ ಆಟ, ಕರಕುಶಲದ ಕಾರ್ಯಕ್ರಮ ನಡೆಸುತ್ತದೆ. 1070ರಲ್ಲಿ ಸ್ಥಾಪನೆಯಾದ ಸಾಹಿತ್ಯ ದೇಗುಲದ ಬಳಿ ಸುಲಿಪಿಕಾರರು ಕೆಂಪು ಕಾಗದದ ಮೇಲೆ ನೆಮ್ಮದಿ, ಆಯುಸ್ಸು ಎಂಬ ಅರ್ಥದ ಅಕ್ಷರ ಬರೆದುಕೊಡುತ್ತಾರೆ. ಯಾವ ಅಕ್ಷರ ಬೇಕೆಂದು ಮನೆಯವರೆಲ್ಲ ಕೂತು ನಿರ್ಧರಿಸಿ ಹೋಗಿ. ಮೊದಲೆರಡು ದಿನ ಹೋಟೆಲುಗಳು ಮುಚ್ಚಿರುವುದರಿಂದ ಅಕ್ಕಿ, ಹಣ್ಣು, ಹಾಲು ಮೊದಲೇ ತಂದಿಡಿ. ‘ತೋಯ್ ಆನ್ ಚಾಯ್’ ಎಂದರೆ ನಾನು ಸಸ್ಯಾಹಾರಿ. ಮೀನಿನ ಸಾಸೂ ಬೇಡವೆಂದು ಬಿಡಿಸಿ ಹೇಳಿ. ಚಾಂದ್ರ ತಿಂಗಳ ಮೊದಲ ದಿನ ಅನೇಕ ಬೌದ್ಧರು ಮಾಂಸ ಬಿಡುತ್ತಾರಾದ್ದರಿಂದ ತೆತ್ ದಿನ ನೀವು ಒಂಟಿಯಾಗುವುದಿಲ್ಲ.

ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಮಾಡಿ ನೋಡುವುದಾದರೆ ದಕ್ಷಿಣದ ಉರುಳೆಯಾಕಾರದ ಕಡುಬು ಸುಲಭ, ಅದನ್ನು ಬಾಳೆ ಎಲೆಯಲ್ಲೇ ಕಟ್ಟುತ್ತಾರೆ. ಎಲೆಯನ್ನು ಉರಿಯ ಮೇಲೆ ಬಾಡಿಸಿಕೊಳ್ಳಿ. ಈಶಾನ್ಯ ರಾಜ್ಯಗಳ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ ಅಸ್ಸಾಮಿನ ಬೊರಾ ಅಕ್ಕಿ ಚೆನ್ನಾಗಿ ಹೊಂದುತ್ತದೆ. ಸಣ್ಣದಾದರೆ ಐದಾರು ಗಂಟೆಯಲ್ಲಿ ಬೇಯುತ್ತದೆ.

ಹಬ್ಬ ಇಳಿಸುವುದು

ಮೂರನೆಯ ದಿನ ಅಥವಾ ಅದರ ಆಸುಪಾಸು ಕಾಗದದ ಹೊನ್ನು, ಬಟ್ಟೆಗಳನ್ನು ಸುಟ್ಟು ಹಿರಿಯರನ್ನು ಬೀಳ್ಕೊಡುತ್ತಾರೆ. ಅಂದು ಮತ್ತೆ ಎಡೆ, ಮತ್ತೆ ಪಾತ್ರೆ, ಸಹಾಯಕ್ಕೆ ಹೋಗಿ. ಉಳಿದ ಬಾನ್ ಚುಂಗ್ ಅಷ್ಟರಲ್ಲಿ ಗಟ್ಟಿಯಾಗಿರುತ್ತದೆ. ಕಾವಲಿಗೆ ಎಣ್ಣೆ ಹಾಕಿ, ತುಂಡುಗಳನ್ನು ಸಟ್ಟುಗದಿಂದ ಚಪ್ಪಟೆಯಾಗಿ ಒತ್ತಿ, ಎರಡೂ ಬದಿ ಹೊಂಬಣ್ಣಕ್ಕೆ ಬರುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿ. ಅಂಚು ಗರಿಗರಿ, ಒಳಗೆ ಮೆತ್ತಗೆ. ನಮ್ಮ ಮನೆಯಲ್ಲಿ ಹೊಸದಕ್ಕಿಂತ ಇದಕ್ಕೇ ಜಗಳ.

ಪೀಚ್ ಗಿಡವನ್ನು ಕುಂಡದ ಸಮೇತ ಬಾಡಿಗೆಗೆ ತಂದಿದ್ದರೆ ತೋಟದವರು ಬಂದು ಹಿಂದಕ್ಕೆ ಒಯ್ಯುತ್ತಾರೆ, ವರ್ಷವಿಡೀ ನೆಲದಲ್ಲಿ ಸಾಕಲು. ಕಳೆದ ಬಾರಿ ಬೈಕಿನ ಹಿಂದೆ ಕಟ್ಟಿದ ಗಿಡದ ಕೊಂಬೆಗೆ ನಮ್ಮ ಮಗ ಒಂದು ಬಿದಿರ ದಾರ ಕಟ್ಟಿದ. ಮುಂದಿನ ವರ್ಷ ಇದೇ ಗಿಡ ಕೊಡಿ ಎಂದು ತೋಟದವರಿಗೆ ಹೇಳು ಎಂದು ಅಜ್ಜಿಯ ಮೊಮ್ಮಗಳಿಗೆ ಎರಡು ಸಲ ಹೇಳಿಸಿದ.